ಮಂಗಳವಾರದಿಂದ ಬ್ರೆಡ್ ಒಂದು

ಮುಹರಕ್ಕಿನ ಈ ಗಲ್ಲಿಯಲ್ಲಿ ಯಾರೂ ಅಂಗಡಿಯೊಳಗೆ ಬರುವುದಿಲ್ಲ.
ಕಾರು ನಿಲ್ಲಿಸಿ ಹಾರ್ನ್ ಹೊಡೆಯುತ್ತಾರೆ,
ನಾನು ಓಡುತ್ತೇನೆ.
ಒಂಬತ್ತು ವರ್ಷವಾಯಿತು, ಈಗ
ಹಾರ್ನಿನಲ್ಲೇ ಆಸಾಮಿ ಯಾರೆಂದು ಗೊತ್ತಾಗುತ್ತದೆ:
ಒತ್ತಿ ಹಿಡಿದರೆ ಮೀನು ಹರಾಜಿನ ಬೂ ಗಾನಿಮ್,
ಎರಡು ಸಲ ಮೆತ್ತಗೆ, ತಪ್ಪು ಮಾಡಿದವರಂತೆ, ಅದು ಶಾಲೆಯ ಟೀಚರಮ್ಮ;
ಹೊಡೆದು, ತಡೆದು, ಮತ್ತೆ ಹೊಡೆದರೆ
ಏನು ತರಲು ಹೇಳಿದ್ದಳೆಂದು ಮರೆತ ಹೊಸ ಮದುಮಗ.

ಗಾಜು ಇಳಿಯುತ್ತದೆ.
ತಣ್ಣನೆಯ ಗಾಳಿಯ ಜೊತೆ ಅರ್ಧ ಮಾತು ಹೊರಬೀಳುತ್ತದೆ:
"...ಹಾಗಾದರೆ ಕೀಲಿ ಯಾಕೆ ಇಟ್ಟುಕೊಂಡಳು?"
ಆಮೇಲೆ ನನಗೆ: "ಎರಡು ಕರಕ್, ಸಕ್ಕರೆ ಕಡಿಮೆ."
ಗಾಜು ಏರುತ್ತದೆ.
ಉಳಿದರ್ಧ ನನ್ನ ಪಾಲಿಗೆ.
ನನ್ನದು ಅಂಗಡಿಯ ಅರಬ್ಬಿ,
ಕೇಳಿದ ಅರ್ಧದಲ್ಲೂ ಅರ್ಧ
ನಾನೇ ಹೊಲಿದದ್ದಿರಬಹುದು.

ಶಟರು ಎಳೆದ ಮೇಲೆ ಬರೆಯುತ್ತೇನೆ,
ಪೆಪ್ಸಿ ಡಬ್ಬಿಗಳ ರಟ್ಟಿನ ಪೆಟ್ಟಿಗೆಯೇ ಮೇಜು.
ಮೊದಮೊದಲು ನನ್ನ ಕತೆಗಳಲ್ಲಿ
ಎಲ್ಲರೂ ಕಿಟಕಿಯ ಬಳಿ ನಿಲ್ಲುತ್ತಿದ್ದರು,
ನಿಟ್ಟುಸಿರು ಬಿಟ್ಟು ದೂರ ನೋಡುತ್ತಿದ್ದರು.
ನಮ್ಮ ರೂಮಿನ ಕಿಟಕಿಗೆ ಬಿಸಿಲಿಗೆಂದು
ಅಲ್ಯೂಮಿನಿಯಂ ಹಾಳೆ ಅಂಟಿಸಿದ್ದೇವೆ.
ದೂರವೇ ಇಲ್ಲ.

ಓದಿದರೆ ಕೇಳುವವರು ಅಂದುಞಿಚ್ಚ ಒಬ್ಬರೇ,
ಮೇಲಿನ ಮಂಚದಲ್ಲಿ ಮಲಗಿ, ಕಣ್ಣು ಮುಚ್ಚಿ.
ಕಾಸರಗೋಡಿನಲ್ಲಿ ಐದನೆಯ ಕ್ಲಾಸು, ಕನ್ನಡ ಮೀಡಿಯಂ.
ಒಂದು ದಿನ ಅಲ್ಲಿಂದಲೇ ಕೇಳಿದರು:
"ನಿನ್ನ ಹೆಂಗಸು ಮೂರು ಪುಟ ಅತ್ತಳಲ್ಲ,
ಒಲೆಯ ಮೇಲಿನ ಹಾಲು ಏನಾಯಿತು?"
ಯಾವ ಹಾಲು?
"ಮೊದಲ ಪುಟದಲ್ಲಿ ಇಟ್ಟದ್ದು ನೀನೇ ಅಲ್ಲವ, ಮಾರಾಯ."

ಎರಡು ದಿನ ಮಾತು ಬಿಟ್ಟೆ.
ಮೂರನೆಯ ದಿನ ಹಾಲು ಉಕ್ಕಿಸಿದೆ.
ಕತೆ ಅಲ್ಲಿಗೇ ಮುಗಿಯಿತು,
ಅಳು ಪೂರ್ತಿ ವ್ಯರ್ಥ.

ಮತ್ತೊಮ್ಮೆ, ಆಗಸ್ಟಿನಲ್ಲಿ, ಒಂದು ಸಾಲೂ ಹುಟ್ಟದೆ
ನಾನು ಪೆನ್ನಿನ ಮುಚ್ಚಳ ಕಚ್ಚುತ್ತ ಕೂತಿದ್ದಾಗ
ಅವರು ಉದ್ರಿ ಪುಸ್ತಕ ಮುಂದೆ ಎಸೆದರು. "ಇದನ್ನು ಓದು."
ಓದಿದೆ, ಕಾಟಾಚಾರಕ್ಕೆ.
ಮನೆ ೪೧೨: ಬ್ರೆಡ್ ಎರಡು, ಹಾಲು ಎರಡು, ಮೊಟ್ಟೆ ಆರು.
ಮರುದಿನ ಅದೇ. ತಿಂಗಳುಗಟ್ಟಲೆ ಅದೇ.
ಆಮೇಲೆ, ಅದೇ ವಾಲಿದ ಅಕ್ಷರದಲ್ಲಿ,
ಮಂಗಳವಾರದಿಂದ ಬ್ರೆಡ್ ಒಂದು.
ಗುರುವಾರ: ಸಣ್ಣ ಬೀಗ ಒಂದು.
ನಲವತ್ತು ದಿನ ದಾಟಿ: ಬೆಕ್ಕಿನ ತಿಂಡಿ, ಡಬ್ಬಿ ಒಂದು, ಮುನ್ನೂರೈವತ್ತು ಫಿಲ್ಸ್.

ಮೈ ಜುಮ್ಮೆಂದಿತು.
"ಇಚ್ಚಾ, ಆ ಮನೆಯಿಂದ ಯಾರು ಹೋದರು?"
"ನನಗೇನು ಗೊತ್ತು," ಅಂದು ಮಗ್ಗುಲು ಬದಲಿಸಿದರು.
"ತಿಂಗಳ ಕೊನೆಗೆ ಹಣ ಕೊಟ್ಟಿದ್ದಾರೆ."

ಆವತ್ತಿನಿಂದ ದಿನಕ್ಕೊಂದು ಪುಟ
ಆ ಪುಸ್ತಕದಿಂದ ನಕಲು ಮಾಡುತ್ತೇನೆ, ಕೈ ಪಳಗಲಿ ಎಂದು.
ಡೇಟು ಮುಗಿದ ಲಬನ್ ಬಾಟಲಿ ತೆಗೆದಂತೆ
ನನ್ನ ಸಾಲುಗಳಿಂದ 'ಅಗಾಧ', 'ಅನಂತ' ತೆಗೆಯುತ್ತೇನೆ,
ಹಿಂದೆ ಉಳಿದದ್ದನ್ನು ಮುಂದೆ ತಂದಿಡುತ್ತೇನೆ.
ಸುಳ್ಳು ಯಾಕೆ, ಹತ್ತರಲ್ಲಿ ಒಂಬತ್ತು ರಾತ್ರಿ
ಏನೂ ಬರುವುದಿಲ್ಲ.
ಫ್ರಿಜ್ಜು ಗುರ್ರೆಂದು ನಿಲ್ಲುತ್ತದೆ, ನಾನೂ ನಿಲ್ಲುತ್ತೇನೆ.
ಅದು ಮತ್ತೆ ಶುರುವಾಗುತ್ತದೆ.

ನಿನ್ನೆ ನಸುಕಿಗೆ ಗುರುತಿಲ್ಲದ ಹಾರ್ನ್,
ಮುಟ್ಟಿತೋ ಇಲ್ಲವೋ ಎಂಬಷ್ಟು.
ಪೆನ್ನು ಕಿವಿಗೆ ಸಿಕ್ಕಿಸಿ ಓಡಿದೆ.
ಗಾಜು ಇಳಿಯಿತು. "ಮನೆ ೪೧೨," ಅಂದಳು. "ಬ್ರೆಡ್..."
ಅಲ್ಲಿಗೆ ನಿಲ್ಲಿಸಿದಳು.
ಹಿಂದಿನ ಸೀಟಿನಲ್ಲಿ ಒಂದು ಖಾಲಿ ಬೆಕ್ಕಿನ ಬುಟ್ಟಿ.

ಎಷ್ಟು ಎಂದು ನಾನು ಕೇಳಲಿಲ್ಲ.
ಎಂಜಿನ್ನು ಓಡುತ್ತಲೇ ಇತ್ತು. ಕಾದೆ.